ಅಂಗಳಕ್ಕಿಳಿದ ಗುರು: ಸಂತ ಜಾನ್ ಬೋಸ್ಕೊ



ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ನೀವು ಹೋಗಿದ್ದರೆ ಈ ದೃಶ್ಯವನ್ನು ಖಂಡಿತ ಕಂಡಿರುತ್ತೀರಿ. ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಬಂದ ಕುಟುಂಬವೊಂದು ಚಪ್ಪರದ ನೆರಳಿನಲ್ಲಿ ಕುಳಿತಿರುತ್ತದೆ. ಅಜ್ಜಿಯ ಕೈಯಲ್ಲಿ ಜಪಸರ. ತಾಯಿ ಮೇಣದಬತ್ತಿ ಹಚ್ಚಲು ಸಾಲಿನಲ್ಲಿ ನಿಂತಿದ್ದಾರೆ. ನಾಲ್ಕು ವರ್ಷದ ಮಗು ಬಿಸಿಲಿಗೆ ರಂಪ ಮಾಡುತ್ತದೆ. ತಂದೆ ಕಿಸೆಯಿಂದ ಮೊಬೈಲ್ ತೆಗೆದು ಅದರ ಕೈಗಿಡುತ್ತಾರೆ. ಅಳು ನಿಲ್ಲುತ್ತದೆ, ಎಲ್ಲರಿಗೂ ನೆಮ್ಮದಿ. ಮಗು ಏನು ನೋಡುತ್ತಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಆ ತಂದೆಯನ್ನು ದೂರಲು ನನಗೆ ಬಾಯಿಲ್ಲ. ಏಕೆಂದು ಮೊದಲೇ ಹೇಳಿಬಿಡುತ್ತೇನೆ.

ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ತಾಯಿಯೊಬ್ಬರು ಗುರುನಿವಾಸಕ್ಕೆ ಬಂದು ಅತ್ತರು. ಹನ್ನೆರಡು ವರ್ಷದ ಮಗನ ಮೊಬೈಲಿನಲ್ಲಿ ಯಾವ ಮಗುವೂ ನೋಡಬಾರದ ಚಿತ್ರಗಳು ಸಿಕ್ಕಿದ್ದವು. ತಂದೆ ಬೆಲ್ಟಿನಿಂದ ಹೊಡೆದು, ಮೊಬೈಲನ್ನು ನೆಲಕ್ಕೆ ಬಡಿದು ಪುಡಿ ಮಾಡಿದ್ದರು. ಅಂದಿನಿಂದ ಹುಡುಗ ತಂದೆಯೊಂದಿಗೆ ಮಾತು ಬಿಟ್ಟಿದ್ದ. ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ; ಗೆಳೆಯನ ಮೊಬೈಲ್ ಇತ್ತಲ್ಲ. ಮುಂದಿನ ಭಾನುವಾರದ ಬಲಿಪೂಜೆಯಲ್ಲಿ ನಾನು ಮೊಬೈಲಿನ ಕೆಡುಕುಗಳ ಬಗ್ಗೆ ಬಿರುಸಾದ ಪ್ರಬೋಧನೆ ಮಾಡಿದೆ. ಹಿರಿಯರು ಮೆಚ್ಚಿಕೊಂಡರು. ಬಟ್ಟೆ ಬದಲಿಸುತ್ತಿದ್ದಾಗ ಪೀಠಸೇವಕ ಹುಡುಗನೊಬ್ಬ ಬಂದು, ಆಟದ ಮೈದಾನದ ಗೇಟು ಯಾವಾಗ ತೆಗೆಯುತ್ತೀರಿ ಸ್ವಾಮಿ ಎಂದು ಕೇಳಿದ. ಕ್ರಿಕೆಟ್ ಚೆಂಡು ಬಿದ್ದು ದೇವಾಲಯದ ಕಿಟಕಿಯ ಗಾಜು ಒಡೆದಿದ್ದರಿಂದ ಆರು ತಿಂಗಳ ಹಿಂದೆ ಆ ಗೇಟಿಗೆ ಬೀಗ ಹಾಕಿಸಿದವನು ನಾನೇ. ಸಂಜೆ ಹುಡುಗರೆಲ್ಲ ಗೇಟಿನ ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತು, ಒಂದೇ ಮೊಬೈಲಿನ ಮೇಲೆ ತಲೆ ಬಗ್ಗಿಸಿರುವುದನ್ನು ದಿನವೂ ನೋಡುತ್ತಿದ್ದೆ. ನೋಡಿಯೂ ನನಗೆ ಹೊಳೆದಿರಲಿಲ್ಲ.

ಆ ರಾತ್ರಿ ಸಂತ ಜಾನ್ ಬೋಸ್ಕೊರ ಜೀವನ ಚರಿತ್ರೆಯನ್ನು ಮತ್ತೆ ಕೈಗೆತ್ತಿಕೊಂಡೆ. ಗುರುಮಠದಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ಪುಸ್ತಕ. ಆ ಸಂತರ ಕಥೆಯನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಜಾನ್ ಬೋಸ್ಕೊ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಇಟಲಿಯ ಟ್ಯೂರಿನ್ ನಗರದ ಹತ್ತಿರದ ಬೆಕ್ಕಿ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ. ಅವರಿಗೆ ಎರಡು ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀತ ಅಕ್ಷರ ಕಲಿತವರಲ್ಲ. ಪ್ರಾರ್ಥನೆಗಳನ್ನೂ ಧರ್ಮೋಪದೇಶವನ್ನೂ ಬಾಯಿಪಾಠದಿಂದಲೇ ಮಕ್ಕಳಿಗೆ ಕಲಿಸಿದರು. ಒಂಬತ್ತು ವರ್ಷದವರಿದ್ದಾಗ ಜಾನ್ ಒಂದು ಕನಸು ಕಂಡರು. ಬಯಲೊಂದರಲ್ಲಿ ಹುಡುಗರ ಗುಂಪು ಕೆಟ್ಟ ಮಾತುಗಳನ್ನಾಡುತ್ತಾ ಜಗಳವಾಡುತ್ತಿದೆ. ಜಾನ್ ಅವರ ನಡುವೆ ನುಗ್ಗಿ ಗುದ್ದಿ ಬಾಯಿ ಮುಚ್ಚಿಸಲು ಹೊರಡುತ್ತಾರೆ. ಆಗ ತೇಜಸ್ವಿಯಾದ ಪುರುಷನೊಬ್ಬ ತಡೆದು, ಇವರನ್ನು ಗೆಲ್ಲಬೇಕಾದದ್ದು ಹೊಡೆತದಿಂದಲ್ಲ, ಸೌಮ್ಯತೆಯಿಂದ ಎಂದು ತಿಳಿಸುತ್ತಾನೆ. ಆ ಕನಸು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಆ ಕಾಲದ ಹಳ್ಳಿಗಳಲ್ಲಿ ಸಿನಿಮಾ ಇಲ್ಲ, ಟಿವಿ ಇಲ್ಲ. ಆದರೆ ಜನರ ಕಣ್ಣನ್ನು ಕಟ್ಟಿಹಾಕುವ ಆಟ ಎಲ್ಲ ಕಾಲದಲ್ಲೂ ಉಂಟು. ಜಾತ್ರೆಗಳಿಗೆ ಜಾದೂಗಾರರೂ ದೊಂಬರಾಟದವರೂ ಬರುತ್ತಿದ್ದರು. ಬಾಲಕ ಜಾನ್ ಅವರ ಆಟವನ್ನು ಮುಂದಿನ ಸಾಲಿನಲ್ಲಿ ನಿಂತು ನೋಡಿ, ಮನೆಗೆ ಬಂದು ಅಭ್ಯಾಸ ಮಾಡಿ, ಬಿದ್ದು ಎದ್ದು ಎಲ್ಲವನ್ನೂ ಕಲಿತರು. ಭಾನುವಾರ ಮರಕ್ಕೆ ಹಗ್ಗ ಕಟ್ಟಿ ಊರಿನವರನ್ನು ಸೇರಿಸುತ್ತಿದ್ದರು. ಮೊದಲು ಜಪಸರ, ಆಮೇಲೆ ಬೆಳಿಗ್ಗೆ ದೇವಾಲಯದಲ್ಲಿ ಕೇಳಿದ ಪ್ರಬೋಧನೆಯ ಪುನರಾವರ್ತನೆ, ಕಡೆಗೆ ಲಾಗ ಮತ್ತು ಹಗ್ಗದ ಮೇಲಿನ ನಡಿಗೆ.

ಮುಂದೆ ಕಿಯೇರಿ ಪಟ್ಟಣದಲ್ಲಿ ಓದುತ್ತಿದ್ದಾಗ ಗೆಳೆಯರನ್ನು ಕೂಡಿಸಿ ಉಲ್ಲಾಸದ ಸಂಘವೊಂದನ್ನು ಕಟ್ಟಿದರು. ಆಗ ಊರಿಗೆ ಒಬ್ಬ ಕಸರತ್ತಿನವನು ಬಂದ. ಭಾನುವಾರ ಪೂಜೆಯ ಹೊತ್ತಿಗೇ ಸರಿಯಾಗಿ ಆಟ ಆರಂಭಿಸಿ ಯುವಕರನ್ನೆಲ್ಲ ಎಳೆದುಕೊಳ್ಳುತ್ತಿದ್ದ. ಹೇಳಿದರೆ ಕೇಳಲಿಲ್ಲ. ಜಾನ್ ಮೇಲಧಿಕಾರಿಗಳಿಗೆ ದೂರು ಕೊಡಲಿಲ್ಲ. ಅವನಿಗೇ ಪಂಥ ಒಡ್ಡಿದರು. ಓಟದಲ್ಲಿ ಗೆದ್ದರು, ಕಾಲುವೆ ಜಿಗಿಯುವುದರಲ್ಲಿ ಗೆದ್ದರು, ಕೋಲಿನ ಚಮತ್ಕಾರದಲ್ಲಿ ಗೆದ್ದರು. ಕೊನೆಗೆ ಎತ್ತರದ ಮರವೇರಿ, ಅವನು ತಲುಪಿದ ತುದಿಯಲ್ಲೇ ಕೈ ಊರಿ ಕಾಲು ಮೇಲೆ ಮಾಡಿ ನಿಂತುಬಿಟ್ಟರು. ಅವನು ಕಳೆದುಕೊಂಡದ್ದು ಒಟ್ಟು 240 ಲೀರಾ. ಬಡವನ ಗಂಟು. ಸಂಘದ ಎಲ್ಲರಿಗೂ ಒಂದು ಊಟ ಹಾಕಿಸಲಿ ಎಂಬ ಷರತ್ತಿನ ಮೇಲೆ ಹಣವನ್ನು ಹಿಂದಿರುಗಿಸಿದರು. ನನಗೆ ಈ ಪ್ರಸಂಗ ಅವರ ಪವಾಡಗಳಿಗಿಂತ ಹೆಚ್ಚು ಇಷ್ಟ.

1841ರ ಜೂನ್ 5ರಂದು ಗುರುದೀಕ್ಷೆ ಪಡೆದ ಅವರನ್ನು, ಫಾದರ್ ಜೋಸೆಫ್ ಕಫಾಸ್ಸೊ ಟ್ಯೂರಿನ್ನಿನ ಸೆರೆಮನೆಗಳಿಗೆ ಕರೆದೊಯ್ದರು. ಅಲ್ಲಿ ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗರು ಗುಂಪುಗುಂಪಾಗಿದ್ದರು. ಬಿಡುಗಡೆಯಾದವರೂ ಕೆಲವೇ ದಿನಗಳಲ್ಲಿ ಮರಳಿ ಬರುತ್ತಿದ್ದರು. ಹೊರಗೆ ಅವರಿಗಾಗಿ ಕಾಯುವವರು ಯಾರೂ ಇಲ್ಲ ಎಂಬುದೇ ಇದರ ಮೂಲ ಎಂದು ಬೋಸ್ಕೊ ಕಂಡುಕೊಂಡರು. ಗಾರೆ ಕೆಲಸಕ್ಕೆ, ಹೊಗೆಗೂಡು ಗುಡಿಸುವುದಕ್ಕೆ ಹಳ್ಳಿಗಳಿಂದ ಬಂದ ಮಕ್ಕಳವರು. ನಮ್ಮ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿದ ಮಕ್ಕಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಲಕಾರ್ಮಿಕರಿಗಾಗಿ ನಮ್ಮೂರಿನಲ್ಲಿ ದುಡಿದ ಸಂಸ್ಥೆಗೆ ಡಾನ್ ಬೋಸ್ಕೊ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಅದೇ ವರ್ಷದ ಡಿಸೆಂಬರ್ 8ರಂದು, ಪೂಜೆಗೆ ಸಹಾಯ ಮಾಡಲು ಬಾರದ ತಬ್ಬಲಿ ಹುಡುಗನೊಬ್ಬನನ್ನು ದೇವಾಲಯದ ಊಳಿಗದವನು ಹೊಡೆದು ಓಡಿಸಿದ. ಬೋಸ್ಕೊ ಆ ಹುಡುಗನನ್ನು, ಬಾರ್ತೊಲೊಮಿಯೊ ಗರೆಲ್ಲಿಯನ್ನು, ಹಿಂದಕ್ಕೆ ಕರೆಸಿದರು. ಓದಲು ಬರುತ್ತದೆಯೇ ಎಂದರೆ ಇಲ್ಲ, ಹಾಡಲು ಬರುತ್ತದೆಯೇ ಎಂದರೆ ಇಲ್ಲ. ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಅವನು ನಕ್ಕ. ಇಡೀ ಸಲೇಷಿಯನ್ ಸಭೆಯ ಕೆಲಸ ಆ ನಗುವಿನಿಂದ ಆರಂಭವಾಯಿತು.

ಹುಡುಗರ ಸಂಖ್ಯೆ ನೂರಾರಾಯಿತು. ಜಾಗವೇ ಇಲ್ಲ. ಒಂದು ಸ್ಮಶಾನದ ದೇವಾಲಯದಿಂದ ಅವರನ್ನು ಗಲಾಟೆಯ ಕಾರಣಕ್ಕೆ ಹೊರಹಾಕಿದರು. ಗಿರಣಿಗಳ ಬಳಿಯ ದೇವಾಲಯದಿಂದಲೂ ಹೊರಡಬೇಕಾಯಿತು. ಬಾಡಿಗೆ ಕೋಣೆಗಳಲ್ಲಿ ನೆರೆಯವರು ಸಹಿಸಲಿಲ್ಲ. ಹುಲ್ಲುಗಾವಲಿನ ಒಡೆಯರು ಹುಲ್ಲೆಲ್ಲ ತುಳಿದು ಹಾಳಾಯಿತೆಂದರು. ಕೊನೆಗೆ 1846ರ ಈಸ್ಟರ್ ಹಬ್ಬದಂದು ವಲ್ಡೊಕ್ಕೊ ಎಂಬಲ್ಲಿ ಒಂದು ತಗ್ಗು ಷೆಡ್ಡು ದೊರೆಯಿತು; ತಲೆ ತಾಗದಿರಲೆಂದು ನೆಲವನ್ನೇ ಅಗೆದು ತಗ್ಗಿಸಬೇಕಾಯಿತು. ಮಕ್ಕಳ ಗದ್ದಲಕ್ಕೆ ಬಾಗಿಲು ಮುಚ್ಚಿದವರೆಲ್ಲ ಒಳ್ಳೆಯ ಕ್ರೈಸ್ತರೇ, ಕೆಲವರು ಗುರುಗಳೇ. ಇದನ್ನು ಓದುವಾಗ ನನ್ನ ಬೀಗದ ಕೈ ಮೇಜಿನ ಮೇಲೆಯೇ ಇತ್ತು.

ಇನ್ನು ನಮ್ಮ ವಿಷಯಕ್ಕೆ ತೀರಾ ಹತ್ತಿರದ ಭಾಗ. ರಾತ್ರಿ ಶಾಲೆ ತೆರೆದು ಬೋಸ್ಕೊ ಆ ಹುಡುಗರಿಗೆ ಓದಲು ಕಲಿಸಿದರು. 1848ರಲ್ಲಿ ಆ ರಾಜ್ಯದಲ್ಲಿ ಪತ್ರಿಕಾ ಸ್ವಾತಂತ್ರ್ಯ ಬಂತು. ಬೀದಿಬೀದಿಯಲ್ಲಿ ಅಗ್ಗದ ಪತ್ರಿಕೆಗಳು, ಕರಪತ್ರಗಳು, ಅಶ್ಲೀಲ ಚಿತ್ರಗಳು. ಅಕ್ಷರ ಕಲಿಸಿದವರು ತಾವೇ. ಆ ಅಕ್ಷರದ ಬಾಗಿಲಿನಿಂದಲೇ ಹೊಲಸೂ ಒಳಗೆ ಬರುತ್ತಿತ್ತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಸಾಲ ಮಾಡಿ ಮಕ್ಕಳಿಗೆ ಮೊಬೈಲ್ ಕೊಡಿಸಿದ ತಾಯಂದಿರೇ, ಈ ಸಂಕಟ ನಿಮಗೆ ಹೊಸದಲ್ಲ.

ಬೋಸ್ಕೊ ರಾತ್ರಿ ಶಾಲೆಯನ್ನು ಮುಚ್ಚಲಿಲ್ಲ. ಬರೆಯಲು ಕುಳಿತರು. 1847ರಲ್ಲೇ ಯುವಕರಿಗಾಗಿ ಪ್ರಾರ್ಥನಾ ಪುಸ್ತಕ ಹೊರತಂದಿದ್ದರು. ಮೆಟ್ರಿಕ್ ಅಳತೆ ಜಾರಿಗೆ ಬರುವ ಹೊತ್ತಿಗೆ ಅದನ್ನು ಕಲಿಸಲು 1849ರಲ್ಲಿ ಸರಳ ಪುಸ್ತಕ ಬರೆದು, ಅದನ್ನೇ ನಗೆ ನಾಟಕವನ್ನಾಗಿ ಹುಡುಗರಿಂದ ಆಡಿಸಿದರು. ಯುವಜನರಿಗಾಗಿ ಆರಂಭಿಸಿದ ಪತ್ರಿಕೆ ಮಾತ್ರ ವರ್ಷ ತುಂಬುವ ಮೊದಲೇ ನಿಂತುಹೋಯಿತು, ಸಾಲ ಉಳಿಯಿತು. ಸೋತೆನೆಂದು ಕೂರಲಿಲ್ಲ. 1853ರ ಮಾರ್ಚ್‌ನಿಂದ ತಿಂಗಳಿಗೊಂದರಂತೆ ಬಡವರ ಕೈಗೆಟುಕುವ ಬೆಲೆಯಲ್ಲಿ, ಸುಮಾರು ನೂರು ಪುಟಗಳ ಕಥೋಲಿಕ ವಾಚನ ಪುಸ್ತಕಗಳು ಬರತೊಡಗಿದವು. ಅವುಗಳಲ್ಲಿ ಕೆಲವು ಪ್ರೊಟೆಸ್ಟೆಂಟರೊಡನೆ ಜಗಳಕ್ಕಿಳಿದ ಧಾಟಿಯವು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ನಾವು ಹಾಗೆ ಬರೆಯುವುದಿಲ್ಲ. ಸಂತರೂ ತಮ್ಮ ಕಾಲದ ಮಕ್ಕಳೇ. 1862ರಲ್ಲಿ ವಲ್ಡೊಕ್ಕೊದಲ್ಲಿ ಸ್ವಂತ ಮುದ್ರಣಾಲಯ ಬಂತು. ಯಾವ ಹುಡುಗರನ್ನು ಕೆಟ್ಟ ಮುದ್ರಣದಿಂದ ಕಾಪಾಡಬೇಕಿತ್ತೋ ಅವರೇ ಅಚ್ಚುಮೊಳೆ ಜೋಡಿಸುವ ಕಸುಬಿನವರಾದರು.

ಹಾಗೆಂದು ಅವರು ಎಲ್ಲವನ್ನೂ ಬಿಟ್ಟುಕೊಡುವವರೇನೂ ಆಗಿರಲಿಲ್ಲ. ಮಕ್ಕಳ ಬಳಿ ಯಾವ ಪುಸ್ತಕಗಳಿವೆ ಎಂದು ಪರಿಶೀಲಿಸಬೇಕೆಂಬುದು ಅವರ ಕಟ್ಟುನಿಟ್ಟು. ಆದರೆ ಹೆಚ್ಚು ನೆನಪಿನಲ್ಲಿ ಉಳಿಯುವುದು ಅವರೇ ಬರೆದಿಟ್ಟ, ದೊಮಿನಿಕ್ ಸಾವಿಯೊ ಎಂಬ ಬಾಲಕನ ಪ್ರಸಂಗ. 1854ರಲ್ಲಿ ಹನ್ನೆರಡನೇ ವಯಸ್ಸಿನಲ್ಲಿ ಬಂದು ಸೇರಿದವನು. ಒಂದು ದಿನ ಹೊರಗಿನ ಹುಡುಗನೊಬ್ಬ ಅಸಭ್ಯ ಚಿತ್ರಗಳ ಪತ್ರಿಕೆಯನ್ನು ಅಂಗಳಕ್ಕೆ ತಂದ. ಹುಡುಗರು ಮುತ್ತಿಕೊಂಡರು. ಸಾವಿಯೊ ಬಂದು ನೋಡಿ ಅದನ್ನು ಕಿತ್ತುಕೊಂಡು ಹರಿದುಹಾಕಿದ. ಆಗ ಅಲ್ಲಿ ಗುರುಗಳಿರಲಿಲ್ಲ, ತಂದೆತಾಯಿ ಇರಲಿಲ್ಲ. ಹರಿದದ್ದು ಒಬ್ಬ ಹುಡುಗ, ಗೆಳೆಯರ ಎದುರಿಗೆ. ಆ ಧೈರ್ಯ ಬೆಲ್ಟಿನ ಭಯದಿಂದ ಬಂದದ್ದಲ್ಲ. ಸಾವಿಯೊ 1857ರಲ್ಲಿ ಹದಿನಾಲ್ಕನೇ ವಯಸ್ಸಿಗೇ ತೀರಿಕೊಂಡ. 1954ರಲ್ಲಿ ಧರ್ಮಸಭೆ ಅವನನ್ನು ಸಂತನೆಂದು ಸಾರಿತು.

1877ರಲ್ಲಿ ಬೋಸ್ಕೊ ತಮ್ಮ ಶಿಕ್ಷಣ ಪದ್ಧತಿಯನ್ನು ಬರೆದಿಟ್ಟರು. ತಪ್ಪು ನಡೆಯುವವರೆಗೆ ದೂರ ನಿಂತು, ನಡೆದ ಮೇಲೆ ದಂಡಿಸುವುದು ಒಂದು ರೀತಿ. ಮೊದಲಿನಿಂದಲೂ ಜೊತೆಯಲ್ಲಿದ್ದು ತಪ್ಪಿಗೆ ಎಡೆಯಾಗದಂತೆ ನೋಡಿಕೊಳ್ಳುವುದು ಇನ್ನೊಂದು ರೀತಿ. ವಿವೇಕ, ಧರ್ಮ, ಅಕ್ಕರೆ ಎಂಬ ಮೂರರ ಮೇಲೆ ಅದು ನಿಂತಿದೆ. 1884ರ ಮೇ ತಿಂಗಳಿನಲ್ಲಿ ರೋಮಿನಿಂದ ತಮ್ಮವರಿಗೆ ಒಂದು ದುಃಖದ ಪತ್ರ ಬರೆದರು. ಹಿಂದೆ ಆಟದ ಅಂಗಳದಲ್ಲಿ ಗುರುಗಳು ಹುಡುಗರೊಂದಿಗೆ ಓಡುತ್ತಿದ್ದರು, ಈಗ ಒಂದು ಬದಿಯಲ್ಲಿ ತಮ್ಮತಮ್ಮೊಳಗೆ ಮಾತನಾಡುತ್ತಾ ಅಡ್ಡಾಡುತ್ತಾರೆ, ಹುಡುಗರು ಮೂಲೆಗಳಲ್ಲಿ ಗುಸುಗುಸು ಮಾಡುತ್ತಾರೆ ಎಂಬುದು ಅದರ ಸಾರ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಮಕ್ಕಳಿಗೆ ಗೊತ್ತಾಗಬೇಕು ಎಂದೂ ಅದರಲ್ಲಿದೆ. ನಮ್ಮ ಮನೆಗಳ ರಾತ್ರಿ ಒಂಬತ್ತು ಗಂಟೆಯನ್ನು ನೆನೆಯಿರಿ: ಸೋಫಾದ ಒಂದು ತುದಿಯಲ್ಲಿ ತಂದೆಯ ಮೊಬೈಲ್, ಅಡುಗೆಮನೆಯಲ್ಲಿ ತಾಯಿಯದು, ಕೋಣೆಯಲ್ಲಿ ಮಗನದು.

1888ರ ಜನವರಿ 31ರಂದು ಅವರು ವಲ್ಡೊಕ್ಕೊದಲ್ಲೇ ಕಣ್ಮುಚ್ಚಿದರು. 1934ರ ಈಸ್ಟರ್ ಹಬ್ಬದಂದು ಸಂತ ಪದವಿ ದೊರೆಯಿತು.

ಅವರ ಕಾಲದಲ್ಲಿ ಇಲ್ಲದಿದ್ದ ಒಂದು ವಿಷಯವನ್ನು ಮಾತ್ರ ನಾನು ಸೇರಿಸಬೇಕು. ನಿಮ್ಮ ಮಗುವಿಗೆ ಯಾರಾದರೂ ಅಂಥ ಚಿತ್ರ ಕಳುಹಿಸಿದ್ದರೆ, ಅಥವಾ ಮಗುವಿನ ಚಿತ್ರವನ್ನೇ ಇಟ್ಟುಕೊಂಡು ಬೆದರಿಸುತ್ತಿದ್ದರೆ, ಮೊದಲು ಮಗುವಿಗೆ ಹೊಡೆಯಬೇಡಿ. ಹೊಡೆತ ಬೀಳುತ್ತದೆಂಬ ಹೆದರಿಕೆಯೇ ಬೆದರಿಸುವವನ ಬಂಡವಾಳ. ಆ ಚಿತ್ರವನ್ನು ಎಚ್ಚರಿಕೆ ಕೊಡಲೆಂದು ಕೂಡ ಇತರರಿಗೆ ಕಳುಹಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹಂಚುವುದು 2012ರ ಪೋಕ್ಸೋ ಕಾಯ್ದೆಯಲ್ಲೂ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ಅಪರಾಧ. ಅಂಥವನ್ನು ಅಳಿಸದೆ, ವರದಿಯೂ ಮಾಡದೆ ಹಂಚುವ ಉದ್ದೇಶದಿಂದ ಇಟ್ಟುಕೊಂಡರೂ ಅಪರಾಧವೇ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು. ಮನೆತನದ ಮರ್ಯಾದೆಯ ಲೆಕ್ಕ ಹಾಕುತ್ತಾ ದಿನ ಕಳೆಯಬೇಡಿ.

ಮರುದಿನ ಸಂಜೆ ನಾನು ಗೇಟಿನ ಬೀಗ ತೆಗೆದೆ. ಕಿಟಕಿಗಳಿಗೆ ತಂತಿಯ ಜಾಲರಿ ಹಾಕಿಸಿದೆ. ಆದರೂ ಆ ವರ್ಷ ಇನ್ನೆರಡು ಗಾಜು ಒಡೆದವು. ನನಗೆ ಬೌಲಿಂಗ್ ಬಾರದು, ಹುಡುಗರು ನನ್ನನ್ನು ಲೆಕ್ಕ ಬರೆಯಲು ಕೂರಿಸಿದರು. ಮೊಬೈಲುಗಳನ್ನೆಲ್ಲ ನನ್ನ ಪಕ್ಕದ ಬುಟ್ಟಿಯಲ್ಲಿ ಹಾಕಿ ಆಡಲು ಹೋಗುತ್ತಿದ್ದರು, ಕೆಲವರು ಹಾಕುತ್ತಿರಲಿಲ್ಲ. ಒಂದು ಭಾನುವಾರ ಆ ಹುಡುಗನ ತಂದೆಯನ್ನು ಕರೆದು ಅಂಪೈರ್ ಆಗಿ ನಿಲ್ಲಿಸಿದೆ. ಮಗ ಆ ದಿನ ಅವರತ್ತ ತಿರುಗಿಯೂ ನೋಡಲಿಲ್ಲ. ಮುಂದಿನ ವಾರವೂ ಅವರು ಬಂದರು. ಮೂರನೆಯ ವಾರ ಅವನಿಗೆ ಎಲ್‌ಬಿಡಬ್ಲ್ಯು ಔಟ್ ಕೊಟ್ಟರು. ಅವನು ಬ್ಯಾಟು ಎಸೆದು, ಚೆಂಡು ಹೊರಗೆ ಹೋಗುತ್ತಿತ್ತೆಂದು ಕತ್ತಲಾಗುವವರೆಗೂ ತಂದೆಯೊಂದಿಗೆ ವಾದ ಮಾಡಿದ.