ನದಿಯ ಒಂದೇ ದಡದವರಿಗೆ ಜ್ವರ ಬಂದದ್ದೇಕೆ? ಉತ್ತರ ಹುಡುಕಿದ ಹೋವರ್ಡ್ ರಿಕೆಟ್ಸ್ ಕಥೆ

ಮಳೆಗಾಲ ಶುರುವಾದರೆ ಸಾಕು, ಫೋನ್‌ಗೆ ಜ್ವರದ ಫಾರ್ವರ್ಡ್‌ಗಳೂ ಬರತೊಡಗುತ್ತವೆ. ನೀರು ಕೆಟ್ಟಿದೆ, ಗಾಳಿಯಲ್ಲೇ ರೋಗವಿದೆ, ಜ್ವರ ಬಂದವರ ಹತ್ತಿರ ಹೋಗಬೇಡಿ ಎಂಬ ಎಚ್ಚರಿಕೆಗಳು. ಕಾರಣ ಗೊತ್ತಿಲ್ಲದ ಜ್ವರಕ್ಕೆ ನೀರನ್ನು ದೂರುವುದು ಹೊಸದೇನಲ್ಲ. ಸುಮಾರು 120 ವರ್ಷಗಳ ಹಿಂದೆ ಅಮೆರಿಕದ ಒಂದು ಕಣಿವೆಯ ಜನರೂ ಹಾಗೆಯೇ ನಂಬಿದ್ದರು. ಅಲ್ಲಿನ ಜ್ವರದ ನಿಜವಾದ ದಾರಿಯನ್ನು ಪ್ರಯೋಗ ಮಾಡಿ ತೋರಿಸಿದವರಲ್ಲಿ ಮುಖ್ಯರು ಹೋವರ್ಡ್ ಟೇಲರ್ ರಿಕೆಟ್ಸ್.

ರಿಕೆಟ್ಸ್ ಹುಟ್ಟಿದ್ದು 1871ರ ಫೆಬ್ರವರಿ 9ರಂದು, ಓಹಾಯೋ ರಾಜ್ಯದ ಫಿಂಡ್ಲೆಯಲ್ಲಿ. ನೆಬ್ರಾಸ್ಕಾದಲ್ಲಿ ಪದವಿ ಮುಗಿಸಿ, 1897ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವೈದ್ಯರಾದರು. 1902ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ರೋಗಶಾಸ್ತ್ರ ವಿಭಾಗ ಸೇರಿದರು.

ಹಿಮದ ನೀರಿನ ಮೇಲೆ ಅನುಮಾನ

ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ಪ್ರತಿ ವಸಂತದಲ್ಲೂ ಒಂದು ಭೀಕರ ಜ್ವರ ಬರುತ್ತಿತ್ತು. ಮೈಮೇಲೆ ಚುಕ್ಕೆಗಳೇಳುತ್ತಿದ್ದವು. ರೋಗ ತಗುಲಿದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ವಿಚಿತ್ರವೆಂದರೆ, ಬಹುತೇಕ ರೋಗಿಗಳು ನದಿಯ ಪಶ್ಚಿಮ ದಡದವರೇ. ಪೂರ್ವ ದಡದಲ್ಲಿ ರೋಗ ಅಪರೂಪ.

ಪಶ್ಚಿಮದ ಬೆಟ್ಟಗಳಿಂದ ಕರಗಿ ಬರುವ ಹಿಮದ ನೀರು ಕುಡಿದರೆ ಈ ರೋಗ ಬರುತ್ತದೆ ಎಂದು ಹಳಬರು ನಂಬಿದ್ದರು. ಕೆಲವರು ಮರದ ಮಿಲ್ಲುಗಳ ಹೊಟ್ಟನ್ನು ದೂರುತ್ತಿದ್ದರು. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ರೋಗ ಬರುವ ಜಾಗ, ಬರುವ ಕಾಲ ಎರಡನ್ನೂ ಜನ ಸರಿಯಾಗಿಯೇ ಗಮನಿಸಿದ್ದರು. ತಪ್ಪಿದ್ದು ಕಾರಣದಲ್ಲಿ. ಹಿಮ ಕರಗುವ ಹೊತ್ತಿಗೇ ಪೊದೆಗಳಿಂದ ಇನ್ನೊಂದು ಜೀವಿಯೂ ಹೊರಬರುತ್ತಿತ್ತು. ಅದೇ ದನ, ನಾಯಿಗಳ ಮೈಗೆ ಕಚ್ಚಿ ಕೂರುವ ಉಣುಗು.

ಡೇರೆಯಲ್ಲಿ ನಡೆದ ಪ್ರಯೋಗ

ಉಣುಗಿನ ಮೇಲೆ ಅನುಮಾನ ಮೊದಲೇ ಇತ್ತು, ಆದರೆ ಒಪ್ಪದವರೂ ಇದ್ದರು. 1906ರಲ್ಲಿ ರಿಕೆಟ್ಸ್ ಮೊಂಟಾನಾಕ್ಕೆ ಬಂದು, ಆಸ್ಪತ್ರೆಯೊಂದರ ಆವರಣದಲ್ಲಿ ಡೇರೆ ಹಾಕಿ ಕೆಲಸ ಶುರುಮಾಡಿದರು. ರೋಗಿಯ ರಕ್ತವನ್ನು ಗಿನಿ ಪಿಗ್‌ಗಳಿಗೆ ಚುಚ್ಚಿದಾಗ ಅವಕ್ಕೂ ಜ್ವರ ಬಂತು. ಆಮೇಲೆ, ಕಾಯಿಲೆ ಬಿದ್ದ ಪ್ರಾಣಿಯನ್ನು ಕಚ್ಚಿದ ಉಣುಗನ್ನು ಆರೋಗ್ಯವಾಗಿದ್ದ ಪ್ರಾಣಿಯ ಮೇಲೆ ಬಿಟ್ಟರು. ಅದಕ್ಕೂ ಅದೇ ಕಾಯಿಲೆ! ಅದೇ ವರ್ಷ ವಾಲ್ಟರ್ ಕಿಂಗ್ ಎಂಬ ಇನ್ನೊಬ್ಬ ವೈದ್ಯರೂ ಪ್ರತ್ಯೇಕವಾಗಿ ಇದನ್ನೇ ತೋರಿಸಿದರು.

ರಿಕೆಟ್ಸ್ ಅಲ್ಲಿಗೇ ನಿಲ್ಲಿಸಲಿಲ್ಲ. ಕಣಿವೆಯಲ್ಲಿ ಹಿಡಿದ ಉಣುಗುಗಳಲ್ಲಿ ಕೆಲವೇ ಕೆಲವು ಮಾತ್ರ ರೋಗ ಹೊತ್ತಿರುತ್ತವೆ, ತಾಯಿ ಉಣುಗಿನಿಂದ ಮೊಟ್ಟೆಯ ಮೂಲಕ ಮರಿಗಳಿಗೂ ಸೋಂಕು ದಾಟುತ್ತದೆ, ನೆಲದ ಅಳಿಲಿನಂಥ ಕಾಡುಪ್ರಾಣಿಗಳಿಗೂ ಅದು ತಗಲುತ್ತದೆ ಎಂದು ಕಂಡುಕೊಂಡರು. ರೋಗ ಎಲ್ಲಿ, ಯಾವಾಗ ಬರಬಹುದು ಎಂದು ಊಹಿಸಲು ಇದರಿಂದ ಒಂದು ಆಧಾರ ಸಿಕ್ಕಿತು. ನೋಡಬೇಕಾದದ್ದು ನೀರನ್ನಲ್ಲ, ಪೊದೆ, ಸಣ್ಣ ಪ್ರಾಣಿ, ಜಾನುವಾರು ಮತ್ತು ಋತುವನ್ನು.

39ಕ್ಕೇ ಮುಗಿದ ಬದುಕು

1909ರ ಕೊನೆಯಲ್ಲಿ ರಿಕೆಟ್ಸ್ ಮೆಕ್ಸಿಕೋ ನಗರಕ್ಕೆ ಹೋದರು. ಅಲ್ಲಿ ಟೈಫಸ್ ಎಂಬ, ಹೇನಿನಿಂದ ಹರಡುವ ಜ್ವರ ಹಬ್ಬಿತ್ತು. ಅದರ ಅಧ್ಯಯನದಲ್ಲಿದ್ದಾಗಲೇ ಅವರಿಗೂ ಸೋಂಕು ತಗುಲಿತು. 1910ರ ಮೇ 3ರಂದು ತೀರಿಕೊಂಡರು. ಆಗ ಅವರಿಗೆ ವಯಸ್ಸು ಬರೀ 39. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರು. 1916ರಲ್ಲಿ ಟೈಫಸ್‌ನ ಬ್ಯಾಕ್ಟೀರಿಯಾಕ್ಕೆ ಅವರ ನೆನಪಿನಲ್ಲಿ ರಿಕೆಟ್ಸಿಯಾ ಎಂಬ ಹೆಸರಿಡಲಾಯಿತು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಉಣುಗು ಪೂರ್ವ ದಡದಲ್ಲೂ ಇದೆ, ಅಲ್ಲೇಕೆ ರೋಗವಿಲ್ಲ? 1980ರ ದಶಕದಲ್ಲಿ ವಿಜ್ಞಾನಿಗಳು ಒಂದು ಉತ್ತರ ಕೊಟ್ಟರು. ಪೂರ್ವ ದಡದ ಬಹಳಷ್ಟು ಉಣುಗುಗಳಲ್ಲಿ ನಿರುಪದ್ರವಿಯಾದ ಇನ್ನೊಂದು ಬ್ಯಾಕ್ಟೀರಿಯಾ ಮೊದಲೇ ಮನೆ ಮಾಡಿಕೊಂಡಿದ್ದು, ಅಪಾಯಕಾರಿ ಬ್ಯಾಕ್ಟೀರಿಯಾ ಮರಿಗಳಿಗೆ ದಾಟದಂತೆ ತಡೆಯುತ್ತದೆ ಎಂದು. ಅಂದರೆ ಉಣುಗು ಕಂಡಲ್ಲೆಲ್ಲ ರೋಗ ಬಂದೇ ಬರುತ್ತದೆ ಎನ್ನುವುದೂ ತಪ್ಪು.

ನಮಗೇನು ಸಂಬಂಧ?

ನಮ್ಮಲ್ಲೂ ಕಾಣುವ ಸ್ಕ್ರಬ್ ಟೈಫಸ್ ಜ್ವರದ ಬ್ಯಾಕ್ಟೀರಿಯಾ ಇದೇ ಬಳಗದ್ದು. 1995ರವರೆಗೆ ಅದರ ಹೆಸರಿನಲ್ಲೂ ರಿಕೆಟ್ಸಿಯಾ ಇತ್ತು. ಇದನ್ನು ಹರಡುವುದು ಮೈಟ್ ಎಂಬ ಅತಿ ಸಣ್ಣ ಹುಳುವಿನ ಮರಿ. ಮಳೆ ಬಿದ್ದು ಪೊದೆ ಬೆಳೆದು, ಇಲಿಗಳು ಹೆಚ್ಚಿದ ಕಡೆ ಅಪಾಯ ಹೆಚ್ಚು. ಮಲೆನಾಡಿನ ಮಂಗನ ಕಾಯಿಲೆಯ ಲೆಕ್ಕ ಬೇರೆ. ಅದು ವೈರಸ್‌ನಿಂದ ಬರುವ ರೋಗ. ಎಳೆಯ ಉಣುಗುಗಳು ಚುರುಕಾಗುವ ಒಣ ತಿಂಗಳುಗಳಲ್ಲಿ, ಅಂದರೆ ಸುಮಾರು ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಕಾಣಿಸುತ್ತದೆ.

ಸ್ಕ್ರಬ್ ಟೈಫಸ್ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಹಾಗಾಗಿ ರೋಗಿಯನ್ನು ದೂರ ಇಡಬೇಕಿಲ್ಲ. ಪೊದೆ, ಹುಲ್ಲಿನಲ್ಲಿ ಕೆಲಸ ಮಾಡುವಾಗ ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಜ್ವರ ಬಂದರೆ ಕಂಕುಳು, ತೊಡೆಸಂದುಗಳಲ್ಲೂ ನೋಡಿ. ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹಕ್ಕಳೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಕ್ಕಳೆ ಎಲ್ಲರಿಗೂ ಕಾಣಿಸುವುದಿಲ್ಲ. ಆದ್ದರಿಂದ ತೋಟ, ಗದ್ದೆ, ಕಾಡಿಗೆ ಹೋಗಿದ್ದರೆ ಅದನ್ನೂ ಹೇಳಿ. ಡಾಕ್ಸಿಸೈಕ್ಲಿನ್‌ನಂಥ ಮಾಮೂಲಿ ಔಷಧವೇ ಬೇಗ ಕೊಟ್ಟರೆ ಜೀವ ಉಳಿಸುತ್ತದೆ. ರಿಕೆಟ್ಸ್ ಕಾಲದಲ್ಲಿ ಅದು ಇರಲಿಲ್ಲ.

ಮುಂದಿನ ಸಲ ಜ್ವರದ ಫಾರ್ವರ್ಡ್ ಬಂದರೆ, ಅದರಲ್ಲಿ ಜಾಗ ಮತ್ತು ಕಾಲ ಸರಿಯಿರಬಹುದು. ಕಾರಣವನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕೇಳಿಕೊಂಡ ಮೇಲೆಯೇ ಮುಂದಕ್ಕೆ ಕಳಿಸಿ.