ಹಳದಿ ಕಾರ್ಡು, ಕೆಂಪು ಕಾರ್ಡು ತಂದ ಹೆಡ್ ಮೇಷ್ಟ್ರು



ದೇಶಭಕ್ತರು, ಕವಿಗಳು, ವಿಜ್ಞಾನಿಗಳ ಜೀವನ ಚರಿತ್ರೆ ನಮ್ಮ ಗೋಡೆ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಈ ಸಲ ನಾನು ಆಟದ ಮೈದಾನದ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಅವರು ಗೋಲು ಹೊಡೆದು ಹೆಸರು ಮಾಡಿದವರಲ್ಲ. ಸೀಟಿ ಊದುತ್ತಿದ್ದ ರೆಫರಿ. ವೃತ್ತಿಯಲ್ಲಿ ಸ್ಕೂಲ್ ಮೇಷ್ಟ್ರು. ಅವರ ಹೆಸರು ಕೆನ್ ಆಸ್ಟನ್.

ಆಸ್ಟನ್ ಅವರು 1915ರಲ್ಲಿ ಇಂಗ್ಲೆಂಡಿನ ಕೋಲ್ಚೆಸ್ಟರ್ ಊರಿನಲ್ಲಿ ಹುಟ್ಟಿದರು. 1936ರಲ್ಲಿ ರೆಫರಿ ಪರೀಕ್ಷೆ ಪಾಸು ಮಾಡಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಕಾಲಿನ ಗಿಣ್ಣಿಗೆ ಪೆಟ್ಟಾಗಿದ್ದರಿಂದ ವಿಮಾನದಳದವರು ಅವರನ್ನು ಸೇರಿಸಿಕೊಳ್ಳಲಿಲ್ಲ. ಫಿರಂಗಿ ದಳಕ್ಕೆ ಸೇರಿದರು. ಆಮೇಲೆ ಬ್ರಿಟಿಷರ ಕಾಲದ ನಮ್ಮ ಭಾರತೀಯ ಸೇನೆಗೆ ವರ್ಗವಾಗಿ ಲೆಫ್ಟಿನೆಂಟ್ ಕರ್ನಲ್ ಆದರು. ಯುದ್ಧ ಮುಗಿದ ಮೇಲೆ ಸಿಂಗಪುರದ ಚಾಂಗಿಯಲ್ಲಿ ಯುದ್ಧಾಪರಾಧಗಳ ವಿಚಾರಣೆ ನಡೆಸಿದ ಮಂಡಳಿಯಲ್ಲೂ ಕೆಲಸ ಮಾಡಿದರು. ನ್ಯಾಯ ಹೇಳುವ ಕೆಲಸ ಅವರಿಗೆ ಹೊಸದಾಗಿರಲಿಲ್ಲ ಅಂತ ಇದರಿಂದ ತಿಳಿಯುತ್ತದೆ.

ಊರಿಗೆ ಮರಳಿ ಮತ್ತೆ ಸೀಟಿ ಹಿಡಿದರು. ಆಗೆಲ್ಲ ಲೈನ್‌ಮನ್‌ಗಳ ಕೈಯಲ್ಲಿ ಇರುತ್ತಿದ್ದದ್ದು ಆತಿಥೇಯ ತಂಡದ ಬಣ್ಣದ ಬಾವುಟ. ಮಂಜು ಕವಿದರೆ ಅದು ಕಾಣುತ್ತಲೇ ಇರಲಿಲ್ಲ. 1947ರಲ್ಲಿ ಆಸ್ಟನ್ ಎದ್ದು ಕಾಣುವ ಹಳದಿ ಬಾವುಟ ಬಳಕೆಗೆ ತಂದರು. ಸಣ್ಣ ಕೆಲಸವೇ ಹೌದು. ಆದರೆ ತೀರ್ಪು ಎಲ್ಲರ ಕಣ್ಣಿಗೂ ಕಾಣಬೇಕು ಎಂಬ ಅವರ ಯೋಚನೆ ಅಲ್ಲಿಂದಲೇ ಶುರುವಾಯಿತು ಅಂತ ನನಗೆ ಅನ್ನಿಸುತ್ತದೆ. 1953ರಲ್ಲಿ ಅವರು ಇಲ್‌ಫರ್ಡ್‌ನ ನ್ಯೂಬರಿ ಪಾರ್ಕ್ ಶಾಲೆಗೆ ಹೆಡ್ ಮೇಷ್ಟ್ರಾದರು.

ಈಗ ಮುಖ್ಯ ಸಂಗತಿಗೆ ಬರೋಣ. 1962ರ ವಿಶ್ವಕಪ್ ನಡೆದದ್ದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ. ಎರಡು ವರ್ಷದ ಹಿಂದೆ ಅಲ್ಲಿ ಭಾರೀ ಭೂಕಂಪವಾಗಿ ಜನ ನೊಂದಿದ್ದರು. ಅಂಥದ್ದರಲ್ಲಿ ಇಟಲಿಯ ಪತ್ರಕರ್ತರು ರಾಜಧಾನಿ ಸ್ಯಾಂಟಿಯಾಗೋ ನಗರವನ್ನು ಹೀಯಾಳಿಸಿ ಬರೆದರು. ಚಿಲಿ ಜನರ ಹೊಟ್ಟೆ ಉರಿದುಹೋಯಿತು. ಜೂನ್ 2ರಂದು ಚಿಲಿ ಮತ್ತು ಇಟಲಿ ಎದುರುಬದುರಾದಾಗ ಅದು ಆಟವಾಗಿ ಉಳಿಯಲಿಲ್ಲ. ರೆಫರಿ ಆಗಿದ್ದವರು ಆಸ್ಟನ್.

ಹದಿನೈದು ನಿಮಿಷ ಆಗುವ ಮೊದಲೇ ಇಟಲಿಯ ಫೆರಿನಿ ಎದುರಾಳಿಯನ್ನು ಒದ್ದ. ಆಸ್ಟನ್ ಅವನನ್ನು ಹೊರಗೆ ಹೋಗು ಅಂದರೂ ಅವನು ಕದಲಲಿಲ್ಲ. ಕೊನೆಗೆ ಪೊಲೀಸರು ಬಂದು ಎಳೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಚಿಲಿಯ ಲಿಯೊನೆಲ್ ಸಾಂಚೆಸ್ ತನ್ನನ್ನು ಒದ್ದ ಮಾರಿಯೋ ಡೇವಿಡ್‌ಗೆ ಗುದ್ದಿದ. ಸಾಂಚೆಸ್‌ನ ತಂದೆ ಬಾಕ್ಸಿಂಗ್ ಪಟು, ಗುದ್ದು ಹೇಗಿತ್ತೋ ನೀವೇ ಊಹಿಸಿ! ಲೈನ್‌ಮನ್ ಪಕ್ಕದಲ್ಲೇ ಇದ್ದರೂ ಸಾಂಚೆಸ್‌ಗೆ ಶಿಕ್ಷೆ ಆಗಲಿಲ್ಲ. ಆಮೇಲೆ ಡೇವಿಡ್ ಕಾಲೆತ್ತಿ ಸಾಂಚೆಸ್‌ನ ತಲೆಗೇ ಒದ್ದಾಗ ಅವನನ್ನು ಮಾತ್ರ ಹೊರಗೆ ಹಾಕಿದರು. ಇಟಲಿಯ ಮಾಸ್ಕಿಯೋನ ಮೂಗು ಸಾಂಚೆಸ್‌ನ ಹೊಡೆತಕ್ಕೇ ಮುರಿಯಿತು. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಒಂಬತ್ತೇ ಜನ ಉಳಿದ ಇಟಲಿ 2-0 ಗೋಲುಗಳಿಂದ ಸೋತಿತು. ಈ ಪಂದ್ಯಕ್ಕೆ ಸ್ಯಾಂಟಿಯಾಗೋ ಕದನ ಅಂತಲೇ ಹೆಸರು ಬಿತ್ತು.

ಇಲ್ಲಿ ಎರಡು ವಾದ ಇದೆ. ಆಸ್ಟನ್ ಪಕ್ಷಪಾತ ಮಾಡಿದರು ಅಂತ ಇಟಲಿಯವರು ದೂರಿದರು. ಗುದ್ದಿದ್ದು ತಮಗೆ ಕಾಣಲಿಲ್ಲ, ಲೈನ್‌ಮನ್ ಹೇಳಲೂ ಇಲ್ಲ ಅನ್ನುವುದು ಆಸ್ಟನ್ ಅವರ ಸಮಜಾಯಿಷಿ. ನನ್ನ ಅಭಿಪ್ರಾಯ ಕೇಳಿದರೆ, ಸಾಂಚೆಸ್‌ನನ್ನು ಹೊರಗೆ ಹಾಕದೆ ಬಿಟ್ಟದ್ದು ಅನ್ಯಾಯವೇ. ಮೋಸ ಮಾಡಬೇಕೆಂಬ ಮನಸ್ಸು ಅವರಿಗೆ ಇರಲಿಲ್ಲ ಅಂತ ಒಪ್ಪಿದರೂ, ಮೂಗು ಮುರಿದವನಿಗೆ ಅದರಿಂದ ಏನು ಬಂತು? ಒಬ್ಬ ಮನುಷ್ಯನ ಎರಡು ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ. ಹೇಳಿದ್ದು ಆಟಗಾರನಿಗೆ ಅರ್ಥವಾಗದಿದ್ದರಂತೂ ಗಲಾಟೆ ಇನ್ನೂ ಹೆಚ್ಚುತ್ತದೆ.

1966ರ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆಯಿತು. ಆಗ ಆಸ್ಟನ್ ರೆಫರಿಗಳ ಮೇಲ್ವಿಚಾರಕರು. ವೆಂಬ್ಲಿಯಲ್ಲಿ ಇಂಗ್ಲೆಂಡ್-ಅರ್ಜೆಂಟೀನ ಪಂದ್ಯ. ಜರ್ಮನಿಯ ರೆಫರಿ ಕ್ರೈಟ್ಲೈನ್ ಅರ್ಜೆಂಟೀನದ ನಾಯಕ ರಾಟಿನ್‌ನನ್ನು ಹೊರಗೆ ಕಳಿಸಿದರು. ಇವರಿಗೆ ಸ್ಪ್ಯಾನಿಷ್ ಬಾರದು, ಅವನಿಗೆ ಜರ್ಮನ್ ಬಾರದು. ರಾಟಿನ್ ಹೋಗಲು ಒಪ್ಪದೆ ನಿಂತುಬಿಟ್ಟ. ಆಸ್ಟನ್ ಮೈದಾನಕ್ಕೆ ಇಳಿದು ಸಮಾಧಾನ ಹೇಳಬೇಕಾಯಿತು. ಅದೇ ಆಟದಲ್ಲಿ ಇಂಗ್ಲೆಂಡಿನ ಚಾರ್ಲ್ಟನ್ ಅಣ್ಣತಮ್ಮಂದಿರಿಗೂ ಎಚ್ಚರಿಕೆ ಕೊಟ್ಟಿದ್ದರಂತೆ. ಅದು ಅವರಿಗೆ ತಿಳಿದದ್ದು ಮಾರನೆಯ ದಿನ ಪೇಪರ್ ಓದಿದ ಮೇಲೆ! ಎಚ್ಚರಿಕೆ ಪಡೆದವನಿಗೇ ಗೊತ್ತಾಗದಿದ್ದರೆ ಅದೆಂಥ ಎಚ್ಚರಿಕೆ?

ಇದೇ ಚಿಂತೆಯಲ್ಲಿ ಆಸ್ಟನ್ ಲಂಡನ್ನಿನ ಕೆನ್ಸಿಂಗ್ಟನ್ ಹೈ ಸ್ಟ್ರೀಟ್‌ನಲ್ಲಿ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಎದುರಿಗೆ ಟ್ರಾಫಿಕ್ ದೀಪ. ಹಳದಿ ಬಂದರೆ ನಿಧಾನ, ಕೆಂಪು ಬಂದರೆ ನಿಲ್ಲು. ಯಾವ ಭಾಷೆಯವನಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಕ್ಷಣ ಅವರಿಗೆ ಉಪಾಯ ಹೊಳೆಯಿತು. ಜೇಬಿನಲ್ಲಿ ಹಿಡಿಯುವ ಎರಡು ಕಾರ್ಡು ಇದ್ದರೆ ಸಾಕು. ಹಳದಿ ಎಂದರೆ ಎಚ್ಚರಿಕೆ, ಕೆಂಪು ಎಂದರೆ ಹೊರಗೆ.

1970ರ ಮೆಕ್ಸಿಕೋ ವಿಶ್ವಕಪ್‌ನಲ್ಲಿ ಕಾರ್ಡುಗಳು ಮೊದಲ ಸಲ ಬಂದವು. ಆ ವರ್ಷ ಒಂದೂ ಕೆಂಪು ಕಾರ್ಡು ಏಳಲಿಲ್ಲ. ವಿಶ್ವಕಪ್‌ನ ಮೊದಲ ಕೆಂಪು ಕಾರ್ಡು 1974ರಲ್ಲಿ ಚಿಲಿಯ ಕಾರ್ಲೋಸ್ ಕಾಸೆಲಿಗೆ ಸಿಕ್ಕಿತು. ಇಂದು ಹಾಕಿಯಲ್ಲೂ, ನಮ್ಮ ಕಬಡ್ಡಿಯಲ್ಲೂ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ.

ಕಾರ್ಡು ಬಂತು ಅಂತ ಮೋಸ ನಿಂತಿತೇ? ಇಲ್ಲ. ಎದುರಾಳಿಗೆ ಕಾರ್ಡು ಸಿಗಲಿ ಅಂತ, ಯಾರೂ ಮುಟ್ಟದಿದ್ದರೂ ಬಿದ್ದು ಹೊರಳಾಡುವ ನಾಟಕ ಉಳಿದೇ ಇತ್ತು. 1999ರಲ್ಲಿ ಅಂಥ ನಾಟಕಕ್ಕೂ ಹಳದಿ ಕಾರ್ಡು ಎಂದು ನಿಯಮದಲ್ಲಿ ಸೇರಿಸಿದರು. 2018ರ ವಿಶ್ವಕಪ್‌ನಿಂದ ರೆಫರಿ ಟಿ.ವಿ.ಯಲ್ಲಿ ಮತ್ತೆ ನೋಡಿ ತೀರ್ಪು ಬದಲಿಸಬಹುದು. ಆದರೂ ಜಗಳ ಮುಗಿದಿಲ್ಲ. ಯಾಕೆಂದರೆ ಬೇಕಂತಲೇ ಕಾಲು ಕೊಟ್ಟನೋ, ಆಕಸ್ಮಿಕವಾಗಿ ತಗುಲಿತೋ ಎಂಬುದು ಆಡುವವನ ಮನಸ್ಸಿಗೆ ಮಾತ್ರ ಗೊತ್ತು. ಅದನ್ನು ಅಳೆಯುವ ಕಾರ್ಡು ಇನ್ನೂ ಬಂದಿಲ್ಲ.

ಆಸ್ಟನ್ ಅವರು 2001ರಲ್ಲಿ ತೀರಿಕೊಂಡರು. ಜಗತ್ತೆಲ್ಲ ಬೈದ ಒಂದು ಪಂದ್ಯದ ನಂತರ ಅವರು ಮುನಿಸಿಕೊಂಡು ಮನೆಯಲ್ಲಿ ಕೂರಬಹುದಿತ್ತು. ಹಾಗೆ ಮಾಡದೆ, ಮುಂದೆ ಬರುವ ರೆಫರಿಗೆ ಆ ಕಷ್ಟ ಬಾರದಿರಲಿ ಅಂತ ದಾರಿ ಹುಡುಕಿದರು. ಸೀಟಿ ಊದುವವರು ಸರಿಯಾಗಿ ನೋಡಲಿ, ಆಡುವವರು ನಿಜ ಆಡಲಿ. ಎರಡೂ ಸೇರಿದರೆ ಮಾತ್ರ ಆಟ.

– ಒಬ್ಬ ವಿದ್ಯಾರ್ಥಿ, 9ನೇ ತರಗತಿ