ಹೂವಿನ ಕೋಣೆಯಲ್ಲಿ ಆರಂಭವಾದ ಸೇವೆ

ಸಂಜೆಯಾದರೆ ಸಾಕು, ರಾಯಚೂರಿನ ಓಣಿಗಳಲ್ಲಿ, ದೇವದುರ್ಗ ಮತ್ತು ಮಾನ್ವಿಯ ಹಳ್ಳಿಗಳಲ್ಲಿ ಎಷ್ಟೋ ತಾಯಂದಿರು ಬಾಗಿಲ ಕಡೆ ಕಣ್ಣಿಟ್ಟು ಕೂರುತ್ತಾರೆ. ಮನೆಯ ಯಜಮಾನ ಯಾವ ಸ್ಥಿತಿಯಲ್ಲಿ ಬರುತ್ತಾನೋ ಎಂಬ ಭಯ ಅವರದು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಪಾದಯಾತ್ರೆ ನಡೆಸಿದಾಗ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳು ಮುಂದಿದ್ದರು. ಹೆಂಡದಂಗಡಿ ಮುಚ್ಚಿಸುವುದು ಒಂದು ಕೆಲಸ. ಕುಡಿತ ಬಿಡಲಾಗದೆ ನರಳುವವನನ್ನು ಎತ್ತಿ ನಿಲ್ಲಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ಬಾಳನ್ನು ಸವೆಸಿದವರು ಸಿಸ್ಟರ್ ಇಗ್ನೇಶಿಯಾ.

ಇವರು 1889ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದರು. ಬ್ರಿಜೆಟ್ ಗ್ಯಾವಿನ್ ಎಂಬುದು ಮೊದಲ ಹೆಸರು. ಚಿಕ್ಕಂದಿನಲ್ಲೇ ಕುಟುಂಬ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದು ನೆಲೆಸಿತು. ಸಂಗೀತ ಕಲಿಸುತ್ತಿದ್ದ ಅವರು 1914ರಲ್ಲಿ ಸಂತ ಅಗಸ್ಟೀನರ ಹೆಸರಿನ ಕನ್ಯಾಸ್ತ್ರೀಯರ ಸಭೆಗೆ ಸೇರಿದರು. ಅಲ್ಲಿಯೂ ಸಂಗೀತ ಪಾಠವೇ ಅವರ ಸೇವೆಯಾಯಿತು. ದುಡಿತದ ಭಾರಕ್ಕೆ ದೇಹ ಬಳಲಿತು, ಮನಸ್ಸೂ ಕುಸಿಯಿತು. ಪ್ರಾಣದಂತಿದ್ದ ಸಂಗೀತವನ್ನು ಬಿಡಬೇಕಾಯಿತು. ಚೇತರಿಸಿಕೊಂಡ ಮೇಲೆ ಆಕ್ರನ್ ನಗರದ ಸಂತ ತೋಮರ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲಿಸಿಕೊಳ್ಳುವ ಹಗುರವಾದ ಕೆಲಸ ದೊರೆಯಿತು. ತಾವೇ ಮುರಿದುಬಿದ್ದು ಎದ್ದವರಾದ್ದರಿಂದ, ಮುರಿದು ಬಂದವರ ನೋವು ಅವರಿಗೆ ಬೇಗ ಅರ್ಥವಾಗುತ್ತಿತ್ತು.

ಅದೇ ಊರಿನಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರಿದ್ದರು. ಅವರೇ ಕುಡಿತದ ದಾಸರು. 1935ರಲ್ಲಿ ಬಿಲ್ ವಿಲ್ಸನ್ ಎಂಬ ಇನ್ನೊಬ್ಬ ಕುಡುಕರ ಭೇಟಿಯಾಯಿತು. ಇಬ್ಬರೂ ತಮ್ಮ ಸೋಲನ್ನು ಮುಚ್ಚಿಡದೆ ಹಂಚಿಕೊಂಡರು. ಹಾಗೆ ಹಂಚಿಕೊಂಡಾಗ ಕುಡಿಯದೆ ಇರಲು ಬಲ ಸಿಗುವುದನ್ನು ಕಂಡರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು ಹೀಗೆ.

ಆದರೆ ಕುಡುಕರನ್ನು ಸೇರಿಸಿಕೊಳ್ಳಲು ಆಸ್ಪತ್ರೆಗಳು ಒಪ್ಪುತ್ತಿರಲಿಲ್ಲ. 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬ್ ಕೇಳಿಕೊಂಡಾಗ ಸಿಸ್ಟರ್ ಒಬ್ಬ ರೋಗಿಯನ್ನು ಹೊಟ್ಟೆಯ ಉರಿಯೂತ ಎಂದು ಬರೆದು ದಾಖಲಿಸಿಕೊಂಡರು. ಯಾರ ಕಣ್ಣಿಗೂ ಬೀಳದಂತೆ, ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸುವ ಕೋಣೆಗೆ ಅವನ ಮಂಚವನ್ನು ಸಾಗಿಸಿದರು. ಮುಂದೆ ಅದಕ್ಕೆಂದೇ ಒಂದು ವಾರ್ಡು ಸಿದ್ಧವಾಯಿತು. ಅಲ್ಲಿ ಔಷಧದ ಜೊತೆಗೆ ಇನ್ನೊಂದು ಮದ್ದಿತ್ತು. ಕುಡಿತ ಬಿಟ್ಟವರು ದಿನವೂ ಬಂದು ಮಂಚದ ಬಳಿ ಕುಳಿತು ತಮ್ಮ ಕಥೆ ಹೇಳುತ್ತಿದ್ದರು. ಬುದ್ಧಿವಾದಕ್ಕೆ ಕಿವಿಗೊಡದವನು, ತನ್ನಂತೆಯೇ ಹಳ್ಳಕ್ಕೆ ಬಿದ್ದು ಎದ್ದವನ ಮಾತಿಗೆ ಕಿವಿಗೊಟ್ಟ. ನಾಚಿಕೆ ಕರಗಿತು, ತಾನೊಬ್ಬನೇ ಅಲ್ಲ ಎಂಬ ಧೈರ್ಯ ಬಂತು. ಹೇಳುವವನಿಗೂ ಅದೇ ಕಾವಲಾಯಿತು. 1950ರಲ್ಲಿ ಡಾಕ್ಟರ್ ಬಾಬ್ ತೀರಿಕೊಳ್ಳುವ ವೇಳೆಗೆ ಸುಮಾರು 5,000 ಮಂದಿ ಅವರಿಬ್ಬರ ಆರೈಕೆ ಪಡೆದಿದ್ದರು.

ಮನೆಗೆ ಹೊರಟವರಿಗೆ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಪುಟ್ಟ ಲಾಂಛನ ಕೊಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಅದನ್ನು ತಂದು ಹಿಂದಿರುಗಿಸಬೇಕು ಎಂಬುದು ಷರತ್ತು. 1952ರಲ್ಲಿ ಕ್ಲೀವ್‌ಲ್ಯಾಂಡಿಗೆ ವರ್ಗವಾದ ಅವರು ಅಲ್ಲಿಯೂ ರೋಸರಿ ಹಾಲ್ ಎಂಬ ವಾರ್ಡು ನಡೆಸಿದರು. 1966ರ ಏಪ್ರಿಲ್ 1ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯ ವಾಚಕರೇ, ಇಂಥ ಕೂಟಗಳು ನಮ್ಮ ನಾಡಿನಲ್ಲೂ ಇವೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ. ಕುಡುಕರ ಮನೆಯವರಿಗೂ ಆಲ್-ಅನಾನ್ ಎಂಬ ಕೂಟವಿದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬಹುಕಾಲ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೂ ಸಲಹೆ ಸಿಗುತ್ತದೆ.

ನಮ್ಮ ಓಣಿಯಲ್ಲೂ ಒಬ್ಬ ಕುಡುಕನಿರಬಹುದು. ಅವನನ್ನು ಕಂಡು ಮುಖ ತಿರುಗಿಸುತ್ತೇವೆಯೋ, ಹೂವಿನ ಕೋಣೆಯ ಬಾಗಿಲು ತೆರೆಯುತ್ತೇವೆಯೋ?